ಕೀಲು ನೋಡಿ, ಆಮೇಲೆ ಲಾಕ್ ಮುಟ್ಟಿ

ಮಾನ್ಯ ಸಂಪಾದಕರೇ,

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಪದ್ಮಿನಿಯದು ಅದಕ್ಕೂ ಎಷ್ಟೋ ಮೊದಲೇ. ಈ ಕಾರುಗಳ ಅಸಲಿ ಡೋರ್ ಲಾಕ್ ಒಮ್ಮೆ ಗುಜರಿ ಸೇರಿದರೆ ಅಂಥದ್ದೇ ಇನ್ನೊಂದು ಸಿಗುವುದು ಕಷ್ಟ. ಆದರೂ ಬಾಗಿಲು ಸರಿಯಾಗಿ ಕೂರುತ್ತಿಲ್ಲ ಎಂದ ಕೂಡಲೇ ಲಾಕ್ ಕಿತ್ತೆಸೆಯುವುದು ನಡೆದೇ ಇದೆ. ಬಹಳ ಸಲ ದೋಷ ಇರುವುದು ಲಾಕಿನಲ್ಲಲ್ಲ, ಬಾಗಿಲಿನ ಕೀಲಿನಲ್ಲಿ (ಹಿಂಜ್).

ಬಾಗಿಲನ್ನು ಅರ್ಧ ತೆರೆದು ಅದರ ತುದಿ ಹಿಡಿದು ಮೇಲಕ್ಕೆತ್ತಿ. ಲಟಲಟ ಆಡಿದರೆ ಹಿಂಜ್ ಪಿನ್ ಸವೆದು ಬಾಗಿಲು ಜೋತುಬಿದ್ದಿದೆ ಎಂದರ್ಥ. ಮೊದಲು ಪಿನ್ ಹಾಕಿಸಿ. ಅದು ಬಿಟ್ಟು, ಜೋತ ಬಾಗಿಲಿಗೆ ಹೊಂದುವಂತೆ ಬಾಗಿಲ ಚೌಕಟ್ಟಿನ ಕಂಬದ ಮೇಲಿನ ಸ್ಟ್ರೈಕರ್ (ಲಾಕ್ ಬಂದು ಕಚ್ಚುವ ಲೋಹದ ತುಂಡು) ಇಳಿಸಿದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಗೋಳು. ಕೀಲು ಗಟ್ಟಿಯಿದ್ದರೆ ಮಾತ್ರ ಸ್ಟ್ರೈಕರ್ ಸುತ್ತ ಪೆನ್ಸಿಲ್ ಗೆರೆ ಎಳೆದು, ಸ್ಕ್ರೂ ತುಸು ಸಡಿಲಿಸಿ, ಸಲಕ್ಕೆ 1 ಮಿ.ಮೀ.ನಷ್ಟೇ ಸರಿಸಿ ಮುಚ್ಚಿ ನೋಡಬೇಕು. ದಪ್ಪ ಬೀಡಿಂಗ್ (ಬಾಗಿಲಂಚಿನ ರಬ್ಬರ್ ಪಟ್ಟಿ) ಹಾಕಿಸಿದ್ದರೂ ಬಾಗಿಲು ಕೂರದು. ರಪ್ಪೆಂದು ಬಡಿದರೆ ಲ್ಯಾಚ್ (ಸ್ಟ್ರೈಕರನ್ನು ಕಚ್ಚುವ ಬಾಗಿಲಿನ ಕೊಕ್ಕೆ) ಹಾಳಾಗುತ್ತದೆ, ಅಷ್ಟೆ.

ನಿಧಾನವಾಗಿ ಮುಚ್ಚುವಾಗ ಎರಡು ‘ಟಕ್’ ಕೇಳಬೇಕು. ಮೊದಲ ಟಕ್‌ಗೇ ನಿಂತ ಬಾಗಿಲು ತಿರುವಿನಲ್ಲಿ ತೆರೆದುಕೊಳ್ಳಬಹುದು. ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಮಕ್ಕಳು ಕೂರುವ ಕಾರುಗಳಿವು, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಕೀ ತೂತಿಗೆ ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸವೂ ತಪ್ಪು. ಒಳಗಿರುವುದು ಹಿತ್ತಾಳೆಯ ತೆಳು ಬಿಲ್ಲೆಗಳು, ಒಂದೊಂದಕ್ಕೂ ಕೂದಲೆಳೆಯಂಥ ಸ್ಪ್ರಿಂಗ್. ಎಣ್ಣೆಗೆ ಧೂಳು ಕೂತು ಜಿಗುಟಾದರೆ ಬಿಲ್ಲೆ ತನ್ನ ಜಾಗಕ್ಕೆ ಬರುವುದಿಲ್ಲ. ಆಗ ಬಲ ಹಾಕಿದರೆ ಕೀ ಒಳಗೇ ಮುರಿಯುತ್ತದೆ. ಜಿಗುಟನ್ನು ಕ್ಲೀನರ್ ಸ್ಪ್ರೇಯಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಗ್ರಾಫೈಟ್ ಪುಡಿ ಊದಿ. ಪುಡಿ ಇಲ್ಲದಿದ್ದರೆ 4ಬಿ ಪೆನ್ಸಿಲನ್ನು ಕೀಯ ಎರಡೂ ಬದಿಗೆ ಉಜ್ಜಿ, ಹತ್ತು ಸಲ ಹಾಕಿ ತೆಗೆಯಿರಿ. ಮೇಲೆ ಎಣ್ಣೆ ಬೇಡ, ಎರಡೂ ಸೇರಿದರೆ ಕೆಸರಾಗುತ್ತದೆ. ಸವೆದ ಕೀಯಿಂದ ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಕಡಿಮೆ ಬಳಸಿದ ಕೀಯನ್ನೇ ಕೊಡಿ.

ಗ್ರೀಸ್ ಬೇಕಾಗಿರುವುದು ಲ್ಯಾಚಿಗೆ. ಸೀಮೆಎಣ್ಣೆಯಲ್ಲಿ ಅದ್ದಿದ ಹಳೆ ಟೂತ್‌ಬ್ರಷ್‌ನಿಂದ ಕಪ್ಪು ಮಡ್ಡಿ ತೆಗೆದು, ಒರೆಸಿ, ಕಡಲೆಕಾಳಿನಷ್ಟು ಲಿಥಿಯಂ ಗ್ರೀಸ್ ಹಚ್ಚಿದರೆ ಸಾಕು. ಮಳೆಗಾಲಕ್ಕೆ ಮೊದಲು ಬಾಗಿಲಿನ ತಳದ ತೂತುಗಳನ್ನು ತಂತಿಯಿಂದ ಬಿಡಿಸಿಬಿಡಿ. ಅವು ಕಟ್ಟಿಕೊಂಡರೆ ನೀರು ಒಳಗೇ ನಿಂತು ತಳ ತುಕ್ಕು ಹಿಡಿಯುತ್ತದೆ, ಲಾಕಿಗೂ ತೇವ ತಾಗುತ್ತದೆ. ಗಾಜಿನ ಸಂದಿಯಿಂದ ಒಂದು ಲೋಟ ನೀರು ಹಾಕಿದರೆ ಅಷ್ಟೂ ಕೆಳಗೆ ಹರಿದು ಬರಬೇಕು.

– ಓದುಗರೊಬ್ಬರು, ಉಡುಪಿ