ಅಜ್ಜನ ಸಹಿ ಕಾಪಾಡಿಟ್ಟ ಸಿಸ್ಟರ್‌ಗೆ

ನಿನ್ನೆ ನಮ್ಮಮ್ಮಂಗೆ 80 ತುಂಬ್ತು. ಫೋನ್ ಮಾಡಿದವ್ರಿಗೆ, ಮನೆವರೆಗೂ ಬಂದು ಹೋದವ್ರಿಗೆ ಎಲ್ರಿಗೂ ಥ್ಯಾಂಕ್ಸ್. ಆದ್ರೆ ಇವತ್ತು ಕೂತು ಬರೀತಿರೋದು ಮೈಸೂರಿನ ಒಂದು ಕಾನ್ವೆಂಟಲ್ಲಿ ಹಳೇ ಫೋಟೋ, ಕಾಗದಪತ್ರ ನೋಡ್ಕೊಳ್ಳೋ ಒಬ್ರು ಸಿಸ್ಟರ್‌ಗೋಸ್ಕರ. ಹೆಸರು ಹಾಕ್ಬೇಡಿ ಅಂತ ಅವ್ರೇ ಹೇಳಿದ್ದಾರೆ, ಹಾಕಲ್ಲ.

2018ರ ಆಗಸ್ಟಲ್ಲಿ ಮಕ್ಕಂದೂರು ಕಡೆ ಏನಾಯ್ತು ಅಂತ ಕೊಡಗಿನವ್ರಿಗೆ ಹೇಳ್ಬೇಕಾಗಿಲ್ಲ. ಮನೆ ಹಿಂದಿನ ಬರೆ ಜರಿದು ಬಂತು, ಉಟ್ಟ ಬಟ್ಟೇಲಿ ಹೊರಟ್ವಿ. ಆಮೇಲೆ ಹೋಗಿ ನೋಡಿದ್ರೆ ಕೆಸರಲ್ಲಿ ಟ್ರಂಕು ಸಿಕ್ತು, ಒಳಗಿದ್ದ ಎರಡು ಆಲ್ಬಂ ನೀರು ಕುಡಿದು ಊದ್ಕೊಂಡಿದ್ವು. ನಾನು ಏನೂ ಗೊತ್ತಿಲ್ದೆ ನೆಂಟರ ಮನೆ ಒಲೆ ಪಕ್ಕ ಹಂಗೇ ಒಣಗೋಕಿಟ್ಟೆ, ಎಲ್ಲಾ ಒಂದಕ್ಕೊಂದು ಅಂಟ್ಕೊಂಡು ಹಲಗೆ ಥರ ಆಯ್ತು, ಬಿಡಿಸೋಕೆ ಹೋದ್ರೆ ಮುಖಗಳೇ ಕಿತ್ತು ಬಂದ್ವು. ಅಜ್ಜನ ಒಂದೇ ಒಂದು ಫೋಟೋ ಅದ್ರಲ್ಲಿ ಹೋಯ್ತು. ಅಮ್ಮ ಒಂದು ಮಾತೂ ಆಡ್ಲಿಲ್ಲ, ಅದೇ ನಂಗೆ ಇಷ್ಟು ವರ್ಷ ಕೊರೀತಿತ್ತು.

ಅಮ್ಮ ಚಿಕ್ಕವ್ರಿದ್ದಾಗ ಮಡಿಕೇರಿಯ ಕಾನ್ವೆಂಟ್ ಹಾಸ್ಟೆಲಲ್ಲಿ ಎರಡು ವರ್ಷ ಇದ್ರು. ಆ ಸಿಸ್ಟರ್‌ಗಳ ಹಳೇ ದಾಖಲೆ ಎಲ್ಲಾ ಈಗ ಮೈಸೂರಲ್ಲುಂಟು ಅಂತ ಯಾರೋ ಹೇಳಿದ್ರು, ಮಗಳು ಒಂದು ಕಾಗದ ಬರೆದ್ಲು. ಎರಡು ತಿಂಗಳಾದ್ಮೇಲೆ ಫೋನ್ ಬಂತು, ಅಮ್ಮನ್ನ ಕರ್ಕೊಂಡು ಬನ್ನಿ ಅಂತ.

ಒಂದು ಪುಟ್ಟ ರೂಮು, ಮೂರು ಸ್ಟೀಲ್ ಬೀರು. ಹಳದಿಯಾಗಿ ಹಾಳಾಗದೇ ಇರ್ಲಿ ಅಂತ ಒಂದೊಂದು ಫೋಟೋನೂ ಆಸಿಡ್ ಇಲ್ಲದ ಕಾಗದದಲ್ಲಿ ಸುತ್ತಿಟ್ಟಿದ್ದಾರೆ. ಸಿಸ್ಟರ್ ಗ್ಲೌಸ್ ಹಾಕ್ಕೊಂಡು ಒಂದು ಗ್ರೂಪ್ ಫೋಟೋ ತೆಗೆದು ಅಮ್ಮನ ಮುಂದಿಟ್ರು. ಕಪ್ಪುಬಿಳುಪು, ಅಂಚಲ್ಲಿ ಬೆಳ್ಳಿ ಥರ ಹೊಳೀತಿತ್ತು, ಹಳೇ ಪ್ರಿಂಟಲ್ಲಿರೋ ಬೆಳ್ಳಿನೇ ಮೇಲಕ್ಕೆ ಬರೋದಂತೆ ಅದು. ಮೂರು ಸಾಲು ಮಕ್ಕಳು, ಮುಂದಿನ ಸಾಲಲ್ಲಿ ಬರಿಗಾಲಲ್ಲಿ ಕೂತ ಒಂದು ಹುಡುಗಿ, ಒಂದು ಜಡೇಲಿ ರಿಬ್ಬನ್ ಉಂಟು ಇನ್ನೊಂದ್ರಲ್ಲಿ ಇಲ್ಲ. ಅಮ್ಮ ಬೆರಳಿಟ್ಟು "ಆ ರಿಬ್ಬನ್ ನಾನು ಬಾವಿಕಟ್ಟೆ ಹತ್ರ ಬೀಳ್ಸಿದ್ದು" ಅಂದ್ರು.

ಫೋಟೋ ಹಿಂದೆ ಇಸವಿ ಇರ್ಲಿಲ್ಲ. ಮಧ್ಯ ಕೂತಿರೋ ಮದರ್ ಹಾಕಿರೋ ಗಂಜಿ ಹಾಕಿದ ಬಿಳಿ ತಲೆಬಟ್ಟೆ ನೋಡಿ ಇದು 1962ರಲ್ಲಿ ಶುರುವಾದ ವ್ಯಾಟಿಕನ್ ಸಭೆಗಿಂತ (ಕ್ಯಾಥೋಲಿಕ್ ಚರ್ಚಿನ ದೊಡ್ಡ ಸಭೆ) ಹಿಂದಿಂದು, ಆಮೇಲೆ ನಮ್ಮ ಉಡುಪು ಸರಳ ಆಯ್ತು ಅಂತ ಸಿಸ್ಟರ್ ಹೇಳಿದ್ರು. ಆಮೇಲೆ ಅದೇ ಕಟ್ಟಲ್ಲಿದ್ದ ಹಾಸ್ಟೆಲ್ ಲೆಕ್ಕದ ಹಾಳೆ ತೋರಿಸಿದ್ರು, ಮೇಲ್ಗಡೆ "ಮರ್ಕೆರಾ, ಕೂರ್ಗ್ ಸ್ಟೇಟ್" ಅಂತ ಮಡಿಕೇರಿ, ಕೊಡಗಿನ ಹಳೇ ಇಂಗ್ಲಿಷ್ ಹೆಸರು ಅಚ್ಚಾಗಿತ್ತು, ಅಂದ್ರೆ 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರಿಗೆ ಸೇರೋ ಮುಂಚಿಂದು. ಅದ್ರಲ್ಲಿ ಅಮ್ಮನ ಹೆಸರಿನ ಎದುರು ಫೀಸಿನ ಬಾಬ್ತು ಎರಡು ಮೂಟೆ ಅಕ್ಕಿ, ಒಂದು ಬುಟ್ಟಿ ಕಿತ್ತಳೆ. ಪಕ್ಕದಲ್ಲಿ ಅಜ್ಜನ ಸಹಿ. ದಪ್ಪ ಅಕ್ಷರ, ಕೊನೇ ಅಕ್ಷರದ ಹತ್ರ ಶಾಯಿ ಸ್ವಲ್ಪ ಹರಡಿದೆ. ಅಮ್ಮ ಅದ್ರ ಮೇಲೆ ಕೈ ಇಡೋಕೆ ಹೋಗಿ ತಡೆದ್ರು, ಸಿಸ್ಟರ್ "ಇಡಿ ಅಮ್ಮ, ಪರವಾಗಿಲ್ಲ" ಅಂದ್ರು. ನಾನು ಹೊರಗೆ ಹೋಗಿ ನಿಂತೆ.

ನಾವು ಗೌಡ್ರು, ಅವರ ಸಭೆಯವ್ರಲ್ಲ. ಅಲ್ಲಿ ಎರಡು ವರ್ಷ ಊಟ ಮಾಡಿದ ಒಂದು ಮಗುವಿನ ಅಕ್ಕಿ ಲೆಕ್ಕನ 70 ವರ್ಷ ಇಲಿ, ಗೆದ್ದಲು, ಮಳೆಯಿಂದ ಕಾಪಾಡಿದ್ದಾರೆ ಸಿಸ್ಟರ್‌ಗಳು. ಇದಕ್ಕೆ ಹೆಂಗೆ ಥ್ಯಾಂಕ್ಸ್ ಹೇಳೋದು ಗೊತ್ತಾಗ್ತಿಲ್ಲ. ಎರಡನ್ನೂ ಸ್ಕ್ಯಾನ್ ಮಾಡಿ ಕೊಟ್ರು, ದುಡ್ಡು ಮುಟ್ಲಿಲ್ಲ. ನನ್ನ ಆಲ್ಬಂ ಕಥೆ ಕೇಳಿ ಬೈಲೂ ಇಲ್ಲ, ಮುಂದಕ್ಕೆ ಯಾರಿಗಾದ್ರೂ ಹಿಂಗಾದ್ರೆ ಹೇಳಿ ಅಂದ್ರು: ಒದ್ದೆ ಫೋಟೋನ ಕಟ್ಟಲ್ಲೇ ಒಣಗಿಸ್ಬಾರ್ದು, ತಣ್ಣೀರಲ್ಲಿ ಮೆಲ್ಲಗೆ ಕೆಸರು ತೊಳೆದು ಮುಖ ಮೇಲೆ ಮಾಡಿ ಒಂದೊಂದೇ ಹರಡ್ಬೇಕು, ಆಗ್ಲೇ ಪುರುಸೊತ್ತಿಲ್ಲಾಂದ್ರೆ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಫ್ರೀಜರಲ್ಲಿಡಿ. ಮಳೆಗಾಲ ಬರ್ತಿದೆ, ದಯವಿಟ್ಟು ನೆನಪಿಟ್ಕೊಳ್ಳಿ.

ಆ ಫೋಟೋದಲ್ಲಿ 31 ಮಕ್ಕಳಿದ್ದಾರೆ. ಅಮ್ಮ 19 ಹೆಸರು ಹೇಳಿದ್ರು, ಸಿಸ್ಟರ್ ಬೇರೆ ಹಾಳೇಲಿ ಪೆನ್ಸಿಲಲ್ಲಿ ಬರ್ಕೊಂಡ್ರು. ಇನ್ನೂ 12 ಖಾಲಿ ಉಂಟು. 1955-56ರಲ್ಲಿ ಮಡಿಕೇರಿ ಹಾಸ್ಟೆಲಲ್ಲಿದ್ದ ಅಮ್ಮನೋ ಅಜ್ಜಿಯೋ ನಿಮ್ಮನೇಲಿದ್ರೆ ನಂಗೆ ತಿಳಿಸಿ, ಫೋಟೋ ತಗೊಂಡು ನಾನೇ ಮನೆಗೆ ಬರ್ತೀನಿ.