ನಿಯಮವಿಲ್ಲದಿದ್ದರೆ ಪ್ರಾಮಾಣಿಕ ಉದ್ಯಮಿಗೇ ನಷ್ಟ

ಮಾನ್ಯ ಸಂಪಾದಕರೇ,

ಪರಿಸರ ಕಾಯ್ದೆಗಳು ಉದ್ಯಮಕ್ಕೆ ಬರೀ ಹೊರೆ ಎಂಬ ವಾದವನ್ನು ನಾನು ಒಪ್ಪಲಾರೆ. ಓಝೋನ್ ಪದರಕ್ಕೆ ಹಾನಿ ಮಾಡುವ ರಾಸಾಯನಿಕಗಳ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾದ ಮೇಲೆ, ಫ್ರಿಜ್ ಮತ್ತು ಎ.ಸಿ. ತಯಾರಕರು ಪರ್ಯಾಯ ಅನಿಲಗಳತ್ತ ಹೊರಳಿದರು. ಗಡುವು ಇಲ್ಲದಿದ್ದರೆ ಅದಕ್ಕೆ ಹಣ ಹೂಡಲು ಎಷ್ಟು ಕಂಪನಿಗಳು ಮುಂದೆ ಬರುತ್ತಿದ್ದವು? 1991ರಲ್ಲಿ ಜರ್ಮನಿಯು ಪ್ಯಾಕಿಂಗ್ ತ್ಯಾಜ್ಯವನ್ನು ಮರಳಿ ಪಡೆಯುವ ಹೊಣೆಯನ್ನು ತಯಾರಕರು ಮತ್ತು ಮಾರಾಟಗಾರರ ಮೇಲೆಯೇ ಹೊರಿಸಿತು. ವಿಲೇವಾರಿಯ ಖರ್ಚು ಸಾರ್ವಜನಿಕರ ಲೆಕ್ಕದಿಂದ ಕಂಪನಿಯ ಲೆಕ್ಕಕ್ಕೆ ಬಂದಾಗ, ಪೊಟ್ಟಣವನ್ನು ಹಗುರಗೊಳಿಸುವುದೇ ಲಾಭದ ಕೆಲಸವಾಗುತ್ತದೆ.

ಇನ್ನೊಂದು ಮಾತು, ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು. ಕಾನೂನು ಇಲ್ಲದ ಕಡೆ, ಕೊಳಚೆಯನ್ನು ಶುದ್ಧೀಕರಿಸಿ ಹೊರಬಿಡುವ ಕಾರ್ಖಾನೆಯ ಸರಕು ದುಬಾರಿಯಾಗಿ, ಅದನ್ನು ಹಾಗೆಯೇ ನದಿಗೆ ಹರಿಸುವವನ ಸರಕು ಅಗ್ಗವಾಗಿ ಮಾರುಕಟ್ಟೆಗೆ ಬರುತ್ತದೆ. ಎಲ್ಲರಿಗೂ ಒಂದೇ ನಿಯಮವಿದ್ದರೆ ಮಾತ್ರ ಈ ಅನ್ಯಾಯ ತಪ್ಪೀತು.

ಆದರೆ ದಂಡದ ಮೊತ್ತವು ಶುದ್ಧೀಕರಣದ ವೆಚ್ಚಕ್ಕಿಂತ ಕಡಿಮೆಯಿದ್ದರೆ, ದಂಡವೂ ವ್ಯಾಪಾರದ ಒಂದು ಖರ್ಚಾಗಿಬಿಡುತ್ತದೆ. ಆದ್ದರಿಂದ ದಂಡವನ್ನು ಆದ ಹಾನಿಗೂ ಕಂಪನಿಯ ವಹಿವಾಟಿಗೂ ಅನುಗುಣವಾಗಿ ನಿಗದಿಪಡಿಸಬೇಕು. ತಪಾಸಣಾ ವರದಿಗಳು ಸಾರ್ವಜನಿಕರ ಕೈಗೆ ಸಿಗುವಂತಿರಬೇಕು.

— ಓರ್ವ ಓದುಗ