ಕೆಂಗೂದಲ ಮಗು ಹುಟ್ಟಿದರೆ ತಾಯಿಯ ಮೇಲೇಕೆ ಅನುಮಾನ?

ಸಂಪಾದಕರೇ,

ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗಾದರೂ ಕೆಂಪು ಕೂದಲಿದ್ದರೆ ಮಾತ್ರ ಮಗುವಿಗೂ ಅದು ಬರುತ್ತದೆ ಎಂದು ಕಳೆದ ಭಾನುವಾರದ ಪ್ರಶ್ನೋತ್ತರದಲ್ಲಿ ಬರೆದಿದ್ದೀರಿ. ತಪ್ಪು. ಸಂಸಾರದಲ್ಲಿ ಹುಳಿ ಹಿಂಡುವಂಥ ತಪ್ಪು, ಅದಕ್ಕೇ ಈ ಪತ್ರ.

ಮಗಳ ಬಾಣಂತನಕ್ಕೆ ನಾವಿಬ್ಬರೂ ಸ್ಕಾಟ್ಲೆಂಡಿಗೆ ಹೋಗಿದ್ದೆವು. ಪಕ್ಕದ ಮನೆಯ ಗಂಡ ಹೆಂಡತಿ ಇಬ್ಬರದೂ ಕಂದು ತಲೆ, ಮಗುವಿನದು ಮಾತ್ರ ಅಪ್ಪಟ ಕ್ಯಾರೆಟ್. ನನ್ನಾಕೆ ಕಿವಿಯಲ್ಲಿ ಏನು ಕೇಳಿದಳು ಅಂತ ಹೇಳಬೇಕಿಲ್ಲ, ಅಲ್ವಾ? ‘ಅವನ ಗಡ್ಡ ನೋಡು’ ಅಂದೆ. ಗಡ್ಡದಲ್ಲಿ ಕೆಂಪು ಎಳೆಗಳು ಚೆನ್ನಾಗಿಯೇ ಕಾಣುತ್ತಿದ್ದವು.

ವಿಷಯ ಇಷ್ಟು. ನಮ್ಮ 16ನೇ ಕ್ರೋಮೋಸೋಮಿನಲ್ಲಿ ಎಂಸಿ1ಆರ್ ಎಂಬ ಜೀನ್ ಇದೆ. ಕೆಂಗೂದಲಿಗೂ ಇದಕ್ಕೂ ನಂಟಿದೆ ಎಂದು 1995ರಲ್ಲಿ ಗೊತ್ತಾಯಿತು. ಕೂದಲಿಗೆ ಕಪ್ಪು-ಕಂದು ಬಣ್ಣ ಮಾಡು ಎಂದು ಜೀವಕೋಶಕ್ಕೆ ಹೇಳುವ ಸ್ವಿಚ್ಚು ಇದರಿಂದಲೇ ತಯಾರಾಗುತ್ತದೆ. ಜೀನ್ ಬದಲಾಗಿ ಸ್ವಿಚ್ಚು ಸರಿಯಾಗಿ ಒತ್ತದಿದ್ದರೆ ಕೆಂಪು-ಹಳದಿ ಬಣ್ಣವೇ ಜಾಸ್ತಿಯಾಗುತ್ತದೆ. ಈ ಜೀನಿನ ಒಂದು ಪ್ರತಿ ಅಪ್ಪನಿಂದ, ಒಂದು ಅಮ್ಮನಿಂದ. ಒಂದೇ ಪ್ರತಿ ಬದಲಾಗಿದ್ದರೆ ಕೂದಲು ಸಾಮಾನ್ಯವಾಗಿ ಕೆಂಪಾಗುವುದಿಲ್ಲ, ಮುಖದ ಮೇಲೆ ಕಂದು ಚುಕ್ಕೆಯೋ ಗಡ್ಡದಲ್ಲಿ ಕೆಂಪೋ ಕಾಣಬಹುದು, ಏನೂ ಕಾಣದೆಯೂ ಇರಬಹುದು. ಹೀಗೆ ಸದ್ದಿಲ್ಲದೆ ಎಷ್ಟೋ ತಲೆಮಾರು ದಾಟಿ ಬಂದ ಎರಡು ಪ್ರತಿಗಳು ಒಂದು ಮಗುವಿನಲ್ಲಿ ಸೇರಿದಾಗ, ಅಜ್ಜಿಗೂ ನೆನಪಿಲ್ಲದ ಬಣ್ಣ ತೊಟ್ಟಿಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಅಡಗಿದ್ದರೆ, ಎರಡೂ ಸೇರುವ ಸಾಧ್ಯತೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು. ನಾಲ್ಕನೇ ಮಗು ಕೆಂಪು ಅಂತಲ್ಲ, ದಯವಿಟ್ಟು ಹಾಗೆ ಛಾಪಿಸಬೇಡಿ!

ಲೆಕ್ಕ ಇಷ್ಟು ಸಲೀಸೂ ಅಲ್ಲ. ಎಡಿನ್‌ಬರೋ ವಿಶ್ವವಿದ್ಯಾಲಯದವರು ಬ್ರಿಟನ್ನಿನ ಸುಮಾರು ಮೂರೂವರೆ ಲಕ್ಷ ಜನರ ಜೀನ್‌ಗಳನ್ನು ನೋಡಿ 2018ರಲ್ಲಿ ಹೇಳಿದಂತೆ, ಎರಡು ಪ್ರತಿಯೂ ಬದಲಾದ ಎಷ್ಟೋ ಮಂದಿಗೆ ಕೆಂಗೂದಲೇ ಇಲ್ಲ. ಬೇರೆ ಜೀನ್‌ಗಳೂ ಕೈಯಾಡಿಸುತ್ತವೆ. ಇನ್ನು ಕೆಂಗೂದಲಿನವರು ಸದ್ಯದಲ್ಲೇ ಅಳಿದುಹೋಗುತ್ತಾರೆ ಅಂತ ವಾಟ್ಸಾಪಿನಲ್ಲಿ ಓಡಾಡುವುದೆಲ್ಲ ಸುಮ್ನೆ ಕತೆ. ಜಗತ್ತಿನಲ್ಲಿ ಅವರು ನೂರಕ್ಕೆ ಒಬ್ಬರೋ ಇಬ್ಬರೋ ನಿಜ, ಆದರೆ ಕಪ್ಪು, ಕಂದು ತಲೆಯವರ ಮೈಯಲ್ಲೇ ಬದಲಾದ ಆ ಪ್ರತಿ ಅಡಗಿ ಕೂತಿರುವಾಗ ಅಳಿಯುವುದು ಹೇಗೆ?

ಒಂದು ಮಾತು ನಮ್ಮೂರಿಗೆ ಸಂಬಂಧಪಟ್ಟದ್ದು. ಇಲ್ಲಿ ಮಗುವಿನ ಕಪ್ಪು ಕೂದಲು ಕೆಂಚಾಗಿ, ತೆಳ್ಳಗಾಗುತ್ತಿದ್ದರೆ ಅದನ್ನು ‘ವಂಶದ ಗುಣ’ ಅಂತ ಬಿಡಬೇಡಿ. ಪ್ರೋಟೀನಿನ ತೀವ್ರ ಕೊರತೆಯಿಂದಲೂ ಹಾಗಾಗುತ್ತದೆ, ಡಾಕ್ಟರಿಗೆ ತೋರಿಸಿ.

ಮುಂದಿನ ಭಾನುವಾರ ತಿದ್ದುಪಡಿ ಹಾಕಿ. ಮೂಲೆಯಲ್ಲಿ ಎರಡು ಸಾಲು ಸಾಕು.

— ನಿವೃತ್ತ ಜೀವಶಾಸ್ತ್ರ ಮೇಷ್ಟ್ರು, ಸಾಗರ